ಉತ್ತರ ಪೂಜೆ ಆಗದ ಗಣಪತಿ

ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮರುದಿನ ಬೆಳಿಗ್ಗೆ ಅನಸೂಯಾ ಕಲ್ಯಾಣ ಪಟ್ಟಣದ ಚಾಳಿನಲ್ಲಿ, ಸಾಲುಮನೆಗಳಿಗೆಲ್ಲ ಒಂದೇ ಆದ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಳು. ಪಕ್ಕದ ಮನೆಯ ಸುಂದರಿ ಸುಮ್ಮನಿರಲಾರದೆ ಕೇಳಿದಳು.

"ನಿನ್ನೆ ಮೂರ್ತಿ ಎತ್ತುವ ಮೊದ್ಲು ಉತ್ತರ ಪೂಜೆ ಮಾಡಿದ್ರಲ್ಲಾ ಮಾರಾಯ್ತಿ?"

"ಹಂಗಂದ್ರ?"

ಸುಂದರಿ ಉಡುಪಿ ಕಡೆಯವಳು. ಗಂಡ ಡೊಂಬಿವಲಿಯ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಶಾಸ್ತ್ರದ ಮಾತು ಬಂದರೆ ಅವಳ ಬಾಯಿಗೆ ಬೀಗ ಹಾಕುವವರು ಇಡೀ ಕಲ್ಯಾಣದಲ್ಲಿ ಇರಲಿಲ್ಲ.

"ಭಟ್ರು ಮಂತ್ರ ಹೇಳಿ ಮಣ್ಣಿಗೆ ಪ್ರಾಣ ತುಂಬಿಸ್ತಾರಲ್ಲಾ, ಅದನ್ನು ವಾಪಸ್ ಕಳಿಸ್ಬೇಕು. ಮಂತ್ರ ಹೇಳಿ ಮೂರ್ತಿಯನ್ನು ಸ್ವಲ್ಪ ಜರುಗಿಸ್ಬೇಕು. ಆಮೇಲೆ ಅದು ಬರೀ ಮಣ್ಣು, ನೀರಿಗೆ ಬಿಡ್ಬಹುದು. ನೀವು ಹಾಗೇ ತಗೊಂಡು ಹೋದ್ರಾ? ಅಯ್ಯೋ ದೇವ್ರೇ!"

ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಳ್ಳುವುದು ಕೆಲವರ ಅಭ್ಯಾಸ. ಸುಂದರಿಯೂ ಕಚ್ಚಿಕೊಂಡಳು. ಅಷ್ಟರಲ್ಲಿ ಅನಸೂಯಾಳಿಗೆ ತಿಳಿಯಬೇಕಾದದ್ದು ತಿಳಿದುಹೋಗಿತ್ತು. ಉಸಿರಿದ್ದ ದೇವರನ್ನು ಅವರು ಮುಳುಗಿಸಿ ಬಂದಿದ್ದರು.

ಮನೆಯಲ್ಲಿ ಗಣಪತಿ ಕೂರಿಸುವ ಪದ್ಧತಿ ವಿಜಯಪುರದ ಕಡೆಯ ಅವರ ಮನೆತನದಲ್ಲಿ ಇರಲಿಲ್ಲ. ಎರಡು ಬಸಿರು ನಿಲ್ಲದೆ ಹೋದ ಮೇಲೆ ಚಾಳಿನ ಹೆಂಗಸರು ಹರಕೆ ಹೊರಿಸಿದ್ದರು. ಈ ಸಲ ಎಂಟು ತಿಂಗಳು ತುಂಬಿತ್ತು, ಕೂಸು ಕೈಕಾಲು ಆಡಿಸಿ ಅವಳಿಗೆ ನಿದ್ದೆಯನ್ನೇ ಕೊಡುತ್ತಿರಲಿಲ್ಲ. ಆದರೆ ನಿನ್ನೆ ವಿಸರ್ಜನೆ ಮುಗಿಸಿ ಬಂದಾಗಿನಿಂದ ಅದು ಒಮ್ಮೆಯೂ ಮಿಸುಕಿರಲಿಲ್ಲ. ದಣಿದು ಮಲಗಿರಬೇಕು ಅಂದುಕೊಂಡಿದ್ದಳು. ಈಗ ಹಾಗೆ ಅಂದುಕೊಳ್ಳಲು ಆಗಲಿಲ್ಲ. ಕೊಡವನ್ನು ಅಲ್ಲೇ ಬಿಟ್ಟು ಓಡಿದಳು. ತುಂಬಿದ ಹೊಟ್ಟೆಯಲ್ಲಿ ಓಡಬಾರದಿತ್ತು, ಓಡಿದಳು.

ಗಂಡ ಅಂಬಾದಾಸ ಧಾನ್ಯದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ಕೆಲಸಕ್ಕೆ ಹೊರಟು ನಿಂತಿದ್ದ. ಹೆಂಡತಿ ಹೇಳಿದ್ದನ್ನು ಕೇಳಿ ಫೋನು ತೆಗೆದು ನೋಡಿದ. ಪೂಜೆ ಮಾಡಿಸಿದ ಪುಂಡರೀಕಾಕ್ಷ ಭಟ್ಟರಿಗೆ ಹಬ್ಬದ ದಿನ ಕೈತುಂಬ ಕೆಲಸ. ಕಳಿಸುವ ಪೂಜೆಗೆ ತಾವು ಬರುವುದಿಲ್ಲವೆಂದು ಮಂತ್ರವನ್ನು ಧ್ವನಿಮುದ್ರಿಸಿ ವಾಟ್ಸ್ಯಾಪಿಗೆ ಹಾಕಿದ್ದರು. ದಿನಾ ಬರುವ ಶುಭೋದಯದ ಸಂದೇಶಗಳಲ್ಲಿ ಇದೂ ಒಂದಿರಬೇಕೆಂದು ಅಂಬಾದಾಸ ಅದನ್ನು ತೆರೆದೇ ಇರಲಿಲ್ಲ.

"ಕೂಸು ಒದಿವಲ್ದು," ಅಂದಳು ಅನಸೂಯಾ.

ಅವನು ಫೋನನ್ನು ಜೇಬಿಗೆ ತುರುಕಿದ. "ನಡಿ, ದವಾಖಾನಿಗಿ."

"ಮೊದ್ಲ ಖಾಡಿಗೆ."

"ತಲಿ ಕೆಟ್ಟೈತೇನ್ ನಿಂದು? ಜಗತ್ತು ಹುಟ್ಟಿಸಿದಾವ ಅವ! ನೀರಾಗ ಮುಳುಗಿ ಸಾಯ್ತಾನೇನ?"

"ಸಾಯಂಗಿಲ್ಲ. ಸಿಟ್ಟಾಗ್ತಾನ."

ಅಂಬಾದಾಸ ರಿಕ್ಷಾ ಕರೆದ. ನಿನ್ನೆ ಗಣಪತಿ ಬಿಟ್ಟುಬಂದಿದ್ದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆ ಆಸ್ಪತ್ರೆಯ ದಾರಿಯಲ್ಲೇ ಇತ್ತು. ರಿಕ್ಷಾದಲ್ಲಿ ಕೂತು ಅವಳು ಭಟ್ಟರಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಮೊದಲು ಸ್ಕೂಟರಿನ ಸದ್ದು ಬಂತು, ಆಮೇಲೆ ಭಟ್ಟರು ಬಂದರು.

"ಹೆದರ್ಬೇಡಿ ತಾಯಿ. ನೀರಿನ ಹತ್ರ ನಿಂತು ಕೈಮುಗಿದು, ನಿನ್ನ ಜಾಗಕ್ಕೆ ಹೋಗು ಅಂತ ಹೇಳಿ. ಕನ್ನಡದಲ್ಲೇ ಹೇಳಿ, ಸಾಕು. ಪ್ರಾಣ ಅನ್ನೋದು ಎಲ್ಲ ಕಡೆ ಒಂದೇ. ಮೂರ್ತಿಯಲ್ಲಿ ಇದ್ದದ್ದೂ ಅದೇ, ನಿಮ್ಮೊಳಗೆ ಇರೋದೂ ಅದೇ. ನಾವು ಕರೆದಾಗ ಬರ್ತದೆ, ಕಳಿಸಿದಾಗ ಹೋಗ್ತದೆ."

ಪಾಪ, ಅವರು ಸಮಾಧಾನಕ್ಕೆಂದೇ ಹೇಳಿದ್ದು.

ಪಾಲಿಕೆಯವರು ದಂಡೆಯಲ್ಲಿ ಕಟ್ಟಿದ್ದ ವಿಸರ್ಜನೆಯ ಕುಂಡದಲ್ಲಿ ನೀರು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಅರ್ಧ ಕರಗಿದ ಸೊಂಡಿಲು, ಕಿವಿ, ಅಭಯ ಕೊಡುತ್ತಿದ್ದ ಅಂಗೈಗಳು. ತಮ್ಮ ಗಣಪತಿ ಯಾವುದೆಂದು ಗುರುತು ಹತ್ತಲಿಲ್ಲ. ಕಣ್ಣು ಮಾತ್ರ ಉಳಿದಿದ್ದ ಒಂದು ಮುಖ ನೀರಿನ ಅಂಚಿನಿಂದ ಅವಳನ್ನೇ ನೋಡುತ್ತಿತ್ತು. ಕೋಲು ಹಿಡಿದು ನಿಂತಿದ್ದ ಕೆಲಸದವನು, "ಪುಢೆ ಜಾಊ ನಕಾ ತಾಈ," ಎಂದು ಮುಂದೆ ಹೋಗದಂತೆ ತಡೆದ. ಅವಳು ಅಲ್ಲೇ ನಿಂತು ಕೈಮುಗಿದಳು.

"ನಿನ್ನ ಜಾಗಕ್ಕ..."

ಅಷ್ಟಕ್ಕೇ ನಿಲ್ಲಿಸಿದಳು. ಉಸಿರು ಎಲ್ಲ ಕಡೆ ಒಂದೇ ಆದರೆ, ಹೋಗು ಅಂದಾಗ ಹೋಗುವುದು ಯಾವುದು? ನೀರಿನಲ್ಲಿದ್ದವನು ದೂರ ಇದ್ದಾನೆ. ಅವಳ ದನಿಗೆ ಎಲ್ಲರಿಗಿಂತ ಹತ್ತಿರ ಇರುವುದು ಹೊಟ್ಟೆಯಲ್ಲಿನ ಕೂಸು. ಅದು ತನಗೇ ಹೇಳಿದಳು ಅಂದುಕೊಂಡು ಎದ್ದು ಹೊರಟರೆ?

"ಹೇಳ, ಲಗೂನ ಹೇಳಿ ಮುಗಸು," ಅಂದ ಅಂಬಾದಾಸ.

"ಒಲ್ಲೆ."

ಮುಗಿದ ಕೈ ಬಿಡಿಸಿ ಹೊಟ್ಟೆಯನ್ನು ಬಿಗಿಯಾಗಿ ಅವಚಿಕೊಂಡಳು. ನೀರಿನ ಕಡೆ ಮುಖ ಮಾಡಿಯೇ, ದಂಡೆಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದಳು.

"ಹೋಗಬ್ಯಾಡ! ಇಲ್ಲೇ ಇರು. ನನ್ನ ಬಿಟ್ಟು ಎಲ್ಲಿಗೂ ಹೋಗಬ್ಯಾಡ!"

ರಿಕ್ಷಾ ಆಸ್ಪತ್ರೆಯ ಗೇಟಿಗೆ ತಿರುಗುವಾಗ ಒಳಗಿನಿಂದ ಒದೆತ ಬಂತು. ಎಂದಿನ ಹಾಗೆ ಕಚಗುಳಿ ಇಟ್ಟಂತಲ್ಲ. ಪಕ್ಕೆಲುಬಿನ ಕೆಳಗೆ, ಅವಳು ಚೀರುವಷ್ಟು ಜೋರಾಗಿ. ಅಂಬಾದಾಸ ರಿಕ್ಷಾದವನ ಹೆಗಲು ಹಿಡಿದುಕೊಂಡು ಅತ್ತುಬಿಟ್ಟ. ಒಳಗೆ ನರ್ಸು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಎದೆಬಡಿತ ಕೇಳಿಸಿದಳು. "ಬಾಳ್ ಏಕದಮ್ ಠೀಕ್ ಆಹೇ," ಕೂಸಿಗೆ ಏನೂ ಆಗಿಲ್ಲ ಎಂದು ನಕ್ಕಳು. ಊರಿಗೆ ಫೋನು ಮಾಡಲು ಅಂಬಾದಾಸ ಹೊರಗೆ ಓಡಿದ.

ಅನಸೂಯಾ ಮಂಚದ ಮೇಲೆ ಒಬ್ಬಳೇ ಉಳಿದಳು. ಸಂತೋಷವಾಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆ ಹೋಗಿರಲಿಲ್ಲ, ಇನ್ನೂ ಒಳಕ್ಕೆ ಇಳಿದಿತ್ತು. ಇರು ಅಂತ ಅವಳು ಹೇಳಿದ್ದು ನೀರಿನ ಎದುರು ನಿಂತು. ಆ ಮಾತು ಕೇಳಿದವರು ಯಾರು? ಹೊರಟಿದ್ದ ಕೂಸು ನಿಂತಿತೇ? ಇಲ್ಲಾ, ಹೋಗಬೇಕಾಗಿದ್ದವನೇ ಇಲ್ಲಿಗೆ ಬಂದು ಉಳಿದನೇ? ಒಳಗೆ ಮತ್ತೆ ಮಿಸುಕಾಡಿತು.

ಅಂಬಾದಾಸ ನಗುತ್ತಾ ಒಳಗೆ ಬಂದು, ಕೂಸಿನ ಒದೆತ ನೋಡಲು ಹೊಟ್ಟೆಯ ಕಡೆ ಕೈ ಚಾಚಿದ. ಅನಸೂಯಾ ಅವನ ಕೈ ಹಿಡಿದು ತಡೆದಳು.

"ಚಪ್ಪಲಿ ಹೊರಗ ಬಿಟ್ಟ ಬಾ," ಅಂದಳು.