ಎಲ್‌ಸಿ ವಾಪಸ್ ಬರದೆ ಕರೆಂಟು ಬಿಡಬೇಡಿ

ಮೂವತ್ತಾರು ವರ್ಷ ಕಂಬ ಹತ್ತಿಯೂ ಒಂದೇ ಒಂದು ಸಲ ಶಾಕ್ ಹೊಡೆಸಿಕೊಳ್ಳದ ಲೈನ್‌ಮನ್ ಯಾರಾದರೂ ಇದ್ದರೆ ಅದು ದಂಡಿಗನಹಳ್ಳಿಯ ಪಾಪಯ್ಯ. ಎಲ್‌ಸಿ ಇಲ್ಲದೆ ತಂತಿ ಮುಟ್ಟಿದ ಆಸಾಮಿಯೇ ಅಲ್ಲ. ಎಲ್‌ಸಿ ಅಂದರೆ ಲೈನ್ ಕ್ಲಿಯರ್, ಕರೆಂಟು ತೆಗೆದಿದೆ, ತಂತಿ ಮುಟ್ಟಬಹುದು ಎಂಬ ಅಪ್ಪಣೆ. ಕೆಲಸ ಮುಗಿಸಿ ಅವನು ಅದನ್ನು ವಾಪಸ್ ಕೊಡುವ ತನಕ ಬ್ರಹ್ಮ ಬಂದರೂ ಆ ಲೈನಿಗೆ ಕರೆಂಟು ಬಿಡುವಂತಿಲ್ಲ. ಅಂಥವನನ್ನು ರಿಟೈರಾದ ಮೇಲೆ ಹಾಸನದ ಆಸ್ಪತ್ರೆಗೆ ಕರೆತಂದು, ಮಂಚದ ಮೇಲೆ ಮಲಗಿಸಿ, ಬೇಕಂತಲೇ ಶಾಕ್ ಕೊಡಲು ಹೊರಟಿದ್ದರು ನೋಡಿ!

ಬಲಗೈ ಹೆಬ್ಬೆರಳು ಮರಗಟ್ಟಿ ಆರು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತಿದ್ದವಳು ಹೆಂಡತಿ ಸುಬ್ಬಮ್ಮ. "ಮದ್ವೆ ಗಂಡು ರೆಡಿ" ಎಂದು ಅವಳು ನಗುತ್ತಿದ್ದಳು, ಇವನಿಗೆ ನಾಚಿಕೆಯಿಂದ ಪ್ರಾಣ ಹೋಗುತ್ತಿತ್ತು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಶಾಕ್ ಕೊಟ್ಟಾಗ ಹೆಬ್ಬೆರಳು ಕುಣಿದರೆ ನರಕ್ಕೆ ಜೀವವಿದೆ, ಸಣ್ಣ ಆಪರೇಷನ್ನಿಗೆ ಸರಿಹೋಗುತ್ತದೆ ಎಂದಿದ್ದರು ಡಾಕ್ಟರು. ಕುಣಿಯದಿದ್ದರೆ ಈ ಗುಂಡಿ ಸೇವೆ ಕೊನೆತನಕ.

"ಎಲ್‌ಸಿ ಯಾರವ್ವಾ ಕೊಡೋರು?" ಎಂದು ಕೇಳಿದ, ಶಾಕ್ ಮೆಷಿನ್ ನೋಡಿಕೊಳ್ಳುವ ಹೊಳೆನರಸೀಪುರದ ಹುಡುಗಿ ಶ್ರೀಗೌರಿಯನ್ನು.

"ನಾನೇ ಕೊಟ್ಟೆ ತಾತ. ಬಿಡೋದು ಒಂದು ಚಿಟಿಕೆ ಕರೆಂಟು. ಮಿಕ್ಕಿದ್ದನ್ನ ನಿಮ್ಮ ನರಾನೇ ತಯಾರು ಮಾಡ್ಕೊಳ್ಳುತ್ತೆ."

"ನಾನೇನ್ ಶಿವನಸಮುದ್ರವಾ?"

"ಹೂಂ ಮತ್ತೆ! ನರದ ಹೊರಗಡೆ ಸೋಡಿಯಂ ಜಾಸ್ತಿ, ಅದೇ ಉಪ್ಪಿನಲ್ಲಿರುತ್ತಲ್ಲ, ಅದು. ಒಳಗಡೆ ಪೊಟ್ಯಾಸಿಯಂ ಜಾಸ್ತಿ. ಮಧ್ಯೆ ಸಣ್ಣ ಸಣ್ಣ ಗೇಟು. ತಟ್ಟಿದ್ರೆ ಗೇಟು ತೆಗೆದು ಸೋಡಿಯಂ ಒಳಗೆ ನುಗ್ಗುತ್ತೆ, ಅದೇ ಕರೆಂಟು. ಅದು ಮುಂದಿನ ಗೇಟನ್ನ ತಟ್ಟುತ್ತೆ."

"ಅಂಗಾರೆ ಕೊನೇ ಮನೇಲಿ ಬಲ್ಬು ಮಂಕಾಯ್ತದಾ?"

"ಆಗಲ್ಲ ತಾತ! ದಾರಿಯುದ್ದಕ್ಕೂ ಹೊಸದಾಗಿ ಹುಟ್ಟುತ್ತಲ್ಲ. ನರದ ಒಂದೊಂದು ಎಳೇಲೂ ಬಂದ್ರೆ ಪೂರ್ತಿ, ಇಲ್ಲಾಂದ್ರೆ ಸೊನ್ನೆ. ಡಿಮ್ ಅನ್ನೋದೇ ಇಲ್ಲ."

ಪಾಪಯ್ಯ ಹಿಗ್ಗಿಹೋದ. ವೋಲ್ಟೇಜ್ ಇಲ್ಲ ಅಂತ ಮೂವತ್ತಾರು ವರ್ಷ ಊರೂರಲ್ಲಿ ಬೈಸಿಕೊಂಡಿದ್ದ. ಒಂದೂ ಕಂಪ್ಲೇಂಟಿಲ್ಲದ ಲೈನು ತನ್ನ ತೋಳಲ್ಲೇ ಇತ್ತಲ್ಲಪ್ಪಾ!

ಶ್ರೀಗೌರಿ ಮಣಿಕಟ್ಟಿಗೆ ಮೆಷಿನ್ನಿನ ಕಡ್ಡಿ ಒತ್ತಿದಳು. ಟಕ್. ಹೆಬ್ಬೆರಳು ಅಲ್ಲಾಡಲಿಲ್ಲ. ಕರೆಂಟು ಏರಿಸಿದಳು. ಟಕ್. ಊಹೂಂ. ಮೂರನೆಯ ಸಲಕ್ಕೆ ಅವಳ ನಗುವೂ ಇಳಿಯಿತು.

"ಸತ್ತೋಯ್ತೇನವ್ವಾ?" ಪಾಪಯ್ಯ ಕೈಯನ್ನು ಮುಖದ ಹತ್ತಿರ ತಂದು ನೋಡಿದ.

ಅಷ್ಟರಲ್ಲಿ ಮೂಗಿಗೆ ಘಮ್ಮೆಂದು ಬಡಿಯಿತು. ಮಂಚದ ಪಕ್ಕ ನಿಂತಿದ್ದ ಹೆಂಡತಿಯತ್ತ ತಿರುಗಿದ. "ಲೇ ಸುಬ್ಬಿ, ಕೈಗೇನ್ ಅಚ್ಚಿದ್ದೀಯೇ?"

"ಕೊಬ್ರಿ ಎಣ್ಣೆ. ನರ ಸಡ್ಲಾಗ್ಲಿ ಅಂತವ. ಬೆಳಗ್ಗೆ ಒಂದ್ ಕಿತ, ಚನ್ನರಾಯಪಟ್ಣದ ಬಸ್‌ಸ್ಟ್ಯಾಂಡಲ್ಲಿ ಒಂದ್ ಕಿತ. ಈ ತಾಯಿ ಒರೆಸ್ಬುಟ್ಟು ಮಿಷನ್ ಕಡೆ ತಿರುಗುದ್ರಲ್ಲ, ಆಗ ಇನ್ನೊಂಚೂರು."

"ಅಯ್ಯೋ ನಿನ್ನ! ಟ್ರಾನ್ಸ್‌ಫಾರ್ಮರ್‌ಗೆ ಎಣ್ಣೆ ಯಾಕ್ ತುಂಬ್ತಾರೆ? ಕರೆಂಟು ಆಚೀಚೆ ಓಗ್ದೇ ಇರ್ಲಿ ಅಂತ ಕಣಮ್ಮಿ!"

ಶ್ರೀಗೌರಿ ನಗು ತಡೆಯಲಾಗದೆ ಸ್ಪಿರಿಟ್ ಹಾಕಿ ತಿಕ್ಕಿ ತಿಕ್ಕಿ ಒರೆಸಿದಳು. ಟಕ್. ಹೆಬ್ಬೆರಳು ಛಂಗನೆ ಹಾರಿತು!

"ಬಂತು! ಲೈನ್ ಬಂತು!" ಪಾಪಯ್ಯನ ಕೂಗಿಗೆ ಹೊರಗೆ ಕೂತಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು. "ಇನ್ನೊಂದ್ ಕಿತ ಬಿಡವ್ವಾ! ಇನ್ನೊಂದು!"

"ಮಣಿಕಟ್ಟಲ್ಲಿ ಸ್ವಲ್ಪ ನಿಧಾನ ಆಗ್ತಿದೆ ತಾತ. ಆದ್ರೆ ಬರ್ತಿದೆ."

"ಇನ್ಸುಲೇಷನ್ ಜಜ್ಜೋಗೈತೆ ಅಷ್ಟೇ, ತಂತಿ ಗಟ್ಟಿ ಐತೆ," ಎಂದು ಪಾಪಯ್ಯನೇ ತೀರ್ಪು ಕೊಟ್ಟ.

ಎದ್ದು ಕೂತು ಅಂಗಿ ಹಾಕಿಕೊಂಡಾಗ ಸುಬ್ಬಮ್ಮನ ಕೈ ಅಭ್ಯಾಸದಂತೆ ಗುಂಡಿಗೆ ಬಂದು, ಅರ್ಧದಲ್ಲೇ ನಿಂತಿತು. "ಇನ್ನೇನ್ ಬುಡಿ, ಬೆರ್ಳು ಸರ್ಯಾಯ್ತದೆ. ನನ್ ಕೆಲ್ಸ ಮುಗೀತು," ಎಂದು ನಕ್ಕಳು. ಕಣ್ಣು ಮಾತ್ರ ನಗಲಿಲ್ಲ.

ಪಾಪಯ್ಯ ಅದನ್ನು ನೋಡಿದ. ಆರು ತಿಂಗಳ ನಾಚಿಕೆ ಅಲ್ಲೇ ಬಿಟ್ಟುಹೋಯಿತು.

"ಯಾರಂದೋರು ಮುಗೀತು ಅಂತ? ನಾನಿನ್ನೂ ಎಲ್‌ಸಿ ವಾಪಸ್ ಕೊಟ್ಟಿಲ್ಲ ಕಣಮ್ಮಿ," ಎಂದು ಮೇಲಿನ ಗುಂಡಿ ಅವಳ ಕೈಗೆ ಸಿಗುವಂತೆ ಗದ್ದ ಎತ್ತಿ ಕೂತ. "ಆಕು."