ಬೀರುವಿಗೆ ಬೆನ್ನು ಮಾಡಿ ಕೂತವರು

"ಊಹೂಂ, ಹೀಗೆ ಆಗೋದಿಲ್ಲ," ಎಂದು ಶವಸಂಸ್ಕಾರದ ಕಂಪನಿಯಿಂದ ಬಂದಿದ್ದ ಬಕ್ಕತಲೆಯವನು ಪೆಟ್ಟಿಗೆಯನ್ನು ಮತ್ತೆ ಸ್ಟ್ಯಾಂಡಿನ ಮೇಲೆ ಇಳಿಸಿದ. "ತರೋವಾಗ ಖಾಲಿ ಇತ್ತು, ನಿಲ್ಲಿಸ್ಕೊಂಡು ತಂದ್ವಿ. ಈಗ ನಿಲ್ಲಿಸೋಕಾಗುತ್ತಾ? ಬಾಗಿಲ ಪಕ್ಕದ ಈ ಬೀರು ಸರಿಸ್ಲೇಬೇಕು."

ನೆಲ್ಲಾ ಕೈಯಲ್ಲಿದ್ದ ಕಾಫಿ ತಟ್ಟೆ ಕೆಳಗಿಟ್ಟಳು. ಗಂಡ ಕ್ರೈನ್ ಇದೇ ಹಿಂದಿನ ಕೋಣೆಯಲ್ಲಿ ಕಣ್ಣು ಮುಚ್ಚಿ ನಾಲ್ಕು ದಿನವಾಗಿತ್ತು. ನಾಲ್ಕು ದಿನವೂ ಬಂದವರಿಗೆ ಕಾಫಿ ಕೊಟ್ಟು ಕೊಟ್ಟು ಅವಳ ಕೈಕಾಲು ಸೋತಿದ್ದವು. ಇವತ್ತೊಂದು ದಿನ ಕಳೆದರೆ ಸಾಕು ಎಂದುಕೊಂಡಿದ್ದಳು.

"ಬೀರು ಮುಟ್ಟಬೇಡಿ," ಎಂದಳು. "ಕಿಟಕಿಯಿಂದ ತಗೊಂಡ್ಹೋಗಿ."

ಕಪ್ಪು ಕೋಟಿನವರೆಲ್ಲ ಅವಳತ್ತ ತಿರುಗಿದರು. ಮಗಳು ಡೀನಾ ಹತ್ತಿರ ಬಂದು ಪಿಸುಗುಟ್ಟಿದಳು. "ಅಮ್ಮ, ಅಪ್ಪನ್ನ ಕಿಟಕಿಯಿಂದ ಕಳಿಸ್ತೀಯಾ? ಕಳ್ಳನ ಥರ?"

"ಮೆಲ್ಲಗೆ. ಮರೀನಸ್ ಇಲ್ಲೇ ಇದಾನೆ."

"ಇರ್ಲಿ ಬಿಡು. ಅದರೊಳಗೆ ಏನಿದೆ ಅಂತ ಇಡೀ ಊರಿಗೇ ಗೊತ್ತಿರುತ್ತೆ."

"ಗೊತ್ತಿರೋದು ಬೇರೆ, ಕಣ್ಣಿಗೆ ಬೀಳೋದು ಬೇರೆ."

ಬೀರುವಿನೊಳಗೆ ಇದ್ದದ್ದು ಟೀವಿ. ಡೀನಾ ಮಿಡಲ್‌ಬರ್ಗ್ ಪೇಟೆ ಸೇರಿ ಚರ್ಚು ಬಿಟ್ಟವಳು, ಅವಳಿಗೆ ಇದೆಲ್ಲ ತಮಾಷೆ. ಆದರೆ ಈ ಊರಿನ ಚರ್ಚಿನ ಸಭೆಗೆ ಟೀವಿ ಎಂದರೆ ಪಾಪ; ಅದನ್ನು ಇಟ್ಟವರಿಗೆ ಪ್ರಭುವಿನ ಭೋಜನದ ರೊಟ್ಟಿ, ದ್ರಾಕ್ಷಾರಸದ ಪಂಕ್ತಿಯಲ್ಲಿ ಜಾಗವಿರಲಿಲ್ಲ. ಮರೀನಸ್ ವಿಸ್ಸೆ ಆ ಸಭೆಯ ಹಿರಿಯ. ಪ್ರತಿ ವರ್ಷ ಈರುಳ್ಳಿ ಕೊಯ್ಲು ಮುಗಿದ ಮೇಲೆ ಮನೆಮನೆಗೆ ಬಂದು ಆತ್ಮದ ಕುಶಲ ವಿಚಾರಿಸುವವನು. ಕ್ರೈನ್ ಊರಿನ ಅರ್ಧ ಮನೆಗಳಿಗೆ ಬಾಗಿಲು ಮಾಡಿಕೊಟ್ಟ ಬಡಗಿ. ಇವತ್ತು ಬೀರು ಸರಿದರೆ ಆ ಬಾಗಿಲುಗಳೆಲ್ಲ ಮರೆತುಹೋಗಿ, ನಲವತ್ತು ವರ್ಷ ಟೀವಿ ಬಚ್ಚಿಟ್ಟವನು ಎಂದಷ್ಟೇ ಅವನ ಹೆಸರು ಉಳಿಯುತ್ತದೆ. ಮಣ್ಣು ಮಾಡಿ ಬಂದು ಕಾಫಿ ಕುಡಿಯುವಾಗ ಜನ ಅದನ್ನೇ ಜಗಿಯುತ್ತಾರೆ. ಅಷ್ಟು ಒಳ್ಳೆಯವನಿಗೆ ಹಾಗಾಗುವುದು ಅವಳಿಗೆ ತಡೆಯಲಾಗದ ಸಂಗತಿಯಾಗಿತ್ತು.

*

ಟೀವಿ ಮನೆಗೆ ಬಂದದ್ದು ಆಲೂಗಡ್ಡೆ ಚೀಲಗಳ ಅಡಿಯಲ್ಲಿ. ಅದನ್ನು ಅಡಗಿಸಲು ತಕ್ಕ ಬೀರು ಸಿಗದೆ ನಾಲ್ಕು ತಿಂಗಳು ಅಟ್ಟದ ಮೇಲೆ ಬಿದ್ದಿತ್ತು.

"ನೀನೇ ಬಡಗಿ, ಒಂದು ಬೀರು ಮಾಡ್ಕೊಳ್ಳಬಾರದಾ?" ಎಂದು ನೆಲ್ಲಾ ಕೇಳಿದ್ದಳು.

"ಹೊಸ ಮರಕ್ಕೆ ಸುಳ್ಳು ಹೇಳೋಕೆ ಬರಲ್ಲ ನೆಲ್ಲಾ."

ಅದೂ ನಿಜವೇ. ಮನೆ ಅವಳ ಅಜ್ಜಿಯ ಕಾಲದ್ದು. ಗೋಡೆಗೆ ನೀಲಿ ಚಿತ್ರದ ಟೈಲ್ಸು, ಗೋಡೆಯೊಳಗೇ ಹುದುಗಿದ, ಬಾಗಿಲು ಹಾಕಿಕೊಳ್ಳುವ ಮಂಚ, ಮೇಲೆ ಸಾಲಾಗಿ ಹಳೇ ತಟ್ಟೆಗಳು. ಅಂಥ ಮನೆಯಲ್ಲಿ ಹೊಸದೊಂದು ಗೂಟ ಹೊಡೆದರೂ ಬಂದವರ ಕಣ್ಣು ನೇರ ಅಲ್ಲಿಗೇ ಹೋಗುತ್ತಿತ್ತು. ಮನೆ ಕಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕಾಣುವ ಬೀರು ಬೇಕಿತ್ತು. ಕ್ರೈನ್ ಶನಿವಾರ ಬಂತೆಂದರೆ ಮಡಚುವ ಅಳತೆಕೋಲು ಜೇಬಿಗಿಟ್ಟು ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತುತ್ತಿದ್ದ. ಏನಿಡೋಕೆ ಎಂದು ಕೇಳಿದರೆ ಹಾಸಿಗೆ ಬಟ್ಟೆಗೆ ಎನ್ನುತ್ತಿದ್ದ. "ಹಾಸಿಗೆ ಬಟ್ಟೆಗೆ ಇಷ್ಟು ಆಳ ಯಾಕಪ್ಪಾ?" ಎಂದು ಅಂಗಡಿಯವನು ನಕ್ಕರೆ ಕಿವಿ ಕೆಂಪಗೆ ಮಾಡಿಕೊಂಡು ಮನೆಗೆ ಬರುತ್ತಿದ್ದ. ಪಾಪ, ಸುಳ್ಳು ಅವನ ಬಾಯಿಗೂ ಬರುತ್ತಿರಲಿಲ್ಲ.

ಹದಿನೇಳನೇ ಶನಿವಾರ ಓಕ್ ಮರದ ಬೀರು ಸಿಕ್ಕಿತು. ತೀರಿಹೋದ ಯಾರೋ ಪಾದ್ರಿಯದು, ಒಳಗಿನ್ನೂ ಪ್ರಸಂಗದ ಪುಸ್ತಕಗಳ ವಾಸನೆಯಿತ್ತು. ಅದೂ ನಾಲ್ಕು ಬೆರಳು ಕಡಿಮೆ ಬಿತ್ತು. ಕ್ರೈನ್ ಹಿಂದಿನ ಹಲಗೆಯನ್ನು ಚೌಕವಾಗಿ ಕೊಯ್ದು ಟೀವಿಯ ಬೆನ್ನನ್ನು ಹೊರಗೆ ಬಿಟ್ಟ. ಮುಂದೆ ಚಪ್ಪಟೆ ಟೀವಿ ಬಂದರೂ ಆ ತೂತು ಹಾಗೇ ಉಳಿಯಿತು. ನೆರೆಯವರು ಕೇಳಿದಾಗ "ಅಜ್ಜಿಯ ಅತ್ತೇದು" ಎಂದವಳು ನೆಲ್ಲಾ.

ಅವಳದು ಒಂದೇ ಷರತ್ತು. "ನಾನು ನೋಡಲ್ಲ. ಯಾರಾದರೂ ಕೇಳಿದ್ರೆ ನೋಡಿಲ್ಲ ಅಂತ ಹೇಳೋಕೆ ಬರಬೇಕು." ಬೀರುವಿಗೆ ಬೆನ್ನು ಮಾಡಿ, ಎದುರುಗೋಡೆಯ ಹಿತ್ತಿಲ ಕಿಟಕಿಗೆ ಮುಖ ಮಾಡಿ ತನ್ನ ಕುರ್ಚಿ ಹಾಕಿಕೊಂಡು ಹೆಣಿಗೆ ಹಿಡಿದಳು. ಕ್ರೈನ್‌ನ ಕುರ್ಚಿ ಪಕ್ಕದಲ್ಲಿ, ಒಲೆಯ ಬಳಿ. ಚಳಿಗಾಲದ ಶನಿವಾರಗಳಲ್ಲಿ ಅವನು ಐಸ್ ಮೇಲಿನ ಸ್ಕೇಟಿಂಗ್ ಓಟ ನೋಡುತ್ತಿದ್ದ.

"ನೆಲ್ಲಾ, ಒಂದೇ ಒಂದು ಸಲ ತಿರುಗು. ಎಂಥಾ ಓಟ ನೋಡು."

"ನೀನು ನೋಡ್ಕೋ."

ಕೆಲವು ವರ್ಷಗಳಾದ ಮೇಲೆ ಅವನು ಕರೆಯುವುದನ್ನು ಬಿಟ್ಟ.

*

ಮರೀನಸ್ ಕೈಗವಸು ಕಳಚಿ ಮುಂದೆ ಬಂದ. ನೆಲ್ಲಾ ಬೀರುವಿಗೆ ಅಡ್ಡ ನಿಂತಳು.

"ತುಂಬಾ ಭಾರ ಇದೆ ಮರೀನಸ್."

"ಗೊತ್ತು. ಸ್ವಲ್ಪ ಸರಿ."

ಎಪ್ಪತ್ತರ ಮಂಡಿ ಲಟಕ್ಕೆನ್ನುವಂತೆ ಕೂತು ಅವನು ಬೀರುವಿನ ಹಿಂದೆ ಕೈ ತೂರಿಸಿದ. ಬಗ್ಗಿ ನೋಡಲೂ ಇಲ್ಲ. "ಮೊದಲು ಪ್ಲಗ್ ಕೀಳ್ಬೇಕು. ಇಲ್ಲಾಂದ್ರೆ ವೈರ್ ಕಿತ್ಕೊಂಡ್ ಬರುತ್ತೆ."

ನಾಲ್ವರು ಸೇರಿ ಬೀರು ಸರಿಸಿದರು. ಕೊಯ್ದ ಚೌಕ, ಅದರ ತುಂಬಾ ನಲವತ್ತು ವರ್ಷದ ಧೂಳು ಎಲ್ಲರೆದುರು ಬಂತು. ಎಲ್ಲರಿಗೂ ಒಮ್ಮೆಲೇ ತಮ್ಮ ತಮ್ಮ ಟೋಪಿಯಲ್ಲಿ ಏನೋ ನೋಡುವುದಿತ್ತು.

"ನಮ್ಮನೆ ಬೀರುವಿನ ಬೆನ್ನೂ ಕೊಯ್ದು ಕೊಟ್ಟೋನು ಇವನೇ," ಎಂದ ಮರೀನಸ್ ಮೆಲ್ಲಗೆ.

ನೆಲ್ಲಾ ಅವನನ್ನೇ ನೋಡಿದಳು. "ಅದಕ್ಕೇ ಯಾವಾಗ್ಲೂ ಬೀರು ಮುಂದಿನ ಆ ಮುರುಕು ಕುರ್ಚೀಲಿ ಕೂತ್ಕೊಳ್ತಿದ್ದೆ. ನಾನು ಒಲೆ ಬಿಸಿಗೆ ಅಂದ್ಕೊಂಡಿದ್ದೆ."

"ಬೆನ್ನು ಮಾಡಿ ಕೂತ್ರೆ ನೋಡೋ ಹಾಗಿಲ್ಲ. ನೋಡದೆ ಇದ್ರೆ ಒಳಗೇನಿದೆ ಅಂತ ಕೇಳ್ಬೇಕಾಗಿಲ್ಲ." ಅವನು ಕೈಯ ಧೂಳು ಒರೆಸಿಕೊಂಡ. "ಕ್ರೈನ್ ಹೇಳ್ತಿದ್ದ, ನಮ್ಮದೆಲ್ಲ ಇಷ್ಟೇ ಕಣೋ, ನೆಲ್ಲಾ ಮಾತ್ರ ಒಂದು ಸಲಾನೂ ತಿರುಗಿಲ್ಲ ಅಂತ. ಹೆಮ್ಮೆ ಅವನಿಗೆ. ಒಬ್ನೇ ನೋಡ್ಬೇಕಲ್ಲ ಅಂತ ಬೇಜಾರೂ ಇತ್ತು."

ಪೆಟ್ಟಿಗೆ ಅಲುಗದೆ ಬಾಗಿಲು ದಾಟಿತು. ಏರಿಯ ಮೇಲಿನ ಗಾಳಿಯಲ್ಲಿ ಅದರ ಹಿಂದೆ ನಡೆಯುತ್ತ ನೆಲ್ಲಾಳಿಗೆ ಹಗುರವಾಗಬೇಕಿತ್ತು. ನಲವತ್ತು ವರ್ಷದ ಹೆದರಿಕೆ ಒಂದು ಪ್ಲಗ್ ಕಿತ್ತ ಹಾಗೆ ಹೋಗಿತ್ತು. ಆದರೆ ಆ ಜಾಗದಲ್ಲಿ ಮರೀನಸ್‌ನ ಮಾತು ಬಂದು ಕೂತಿತ್ತು.

ಅವಳು ತಿರುಗಿರಲಿಲ್ಲ, ನಿಜ. ಆದರೆ ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಕತ್ತಲಾದರೆ ಎದುರಿನ ಕಿಟಕಿಯ ಗಾಜು ಕನ್ನಡಿಯಾಗುತ್ತದೆ. ಓಟಗಾರರೆಲ್ಲ ಆ ಗಾಜಿನಲ್ಲಿ ಓಡಿದ್ದರು. ಪಕ್ಕದಲ್ಲಿ ಕ್ರೈನ್, ಮಂಡಿಯ ಮೇಲೆ ಮುಷ್ಟಿ, ಕೆನ್ನೆಗೆ ಟೀವಿಯ ಬೆಳಕು, ಮಗುವಿನ ಹಾಗೆ ತೆರೆದ ಬಾಯಿ. ಅವಳು ಹೆಚ್ಚು ನೋಡಿದ್ದು ಅವನನ್ನೇ. ಮೊದಮೊದಲು ನಾಚಿಕೆಗೆ ಹೇಳಲಿಲ್ಲ, ಆಮೇಲೆ ಹಟಕ್ಕೆ. ಕೊನೆಗೆ, ಇಷ್ಟು ವರ್ಷವಾದ ಮೇಲೆ ಹೇಗೆ ಹೇಳುವುದು ಎಂದು ತಿಳಿಯಲಿಲ್ಲ. ತಾನು ಒಬ್ಬನೇ ನೋಡಿದೆ ಎಂದುಕೊಂಡೇ ಅವನು ಹೋದ. ಹಗ್ಗ ಹಿಡಿದು ಪೆಟ್ಟಿಗೆ ಇಳಿಸುವಾಗ ಅವಳಿಗೆ ಅಳು ತಡೆಯಲಾಗಲಿಲ್ಲ.

*

ಕಾಫಿ, ಬನ್ನು ಮುಗಿಸಿ ಎಲ್ಲರೂ ಹೋದರು. ಹೋಗುವ ಮುಂಚೆ ಗಂಡಸರು ಬೀರುವನ್ನು ಅದರ ಜಾಗಕ್ಕೆ ತಳ್ಳಿದರು. ಮರೀನಸ್ ಮತ್ತೆ ಮಂಡಿಯೂರಿ ಪ್ಲಗ್ ಸಿಕ್ಕಿಸಿದ.

ನೆಲ್ಲಾ ಕಪ್ಪು ಬೂಟು ಕಳಚಿದಳು. ಆಮೇಲೆ ತನ್ನ ಕುರ್ಚಿಯನ್ನು ಎಳೆದು ಬೀರುವಿನತ್ತ ತಿರುಗಿಸಿದಳು. ನೆಲದ ಜಮಖಾನದ ಮೇಲೆ ಕುರ್ಚಿಕಾಲಿನ ಹಳೇ ನಾಲ್ಕು ಗುಳಿಗಳು ಉಳಿದವು.

"ಡೀನಾ, ಅದನ್ನ ಹಾಕು."

"ಇವತ್ತಾ?"

"ಶನಿವಾರ ಅಲ್ವಾ. ಅವನು ನೋಡೋದು ಇರುತ್ತೆ."

ಡೀನಾ ಬೀರುವಿನ ಬಾಗಿಲು ತೆರೆದು ಟೀವಿ ಹಾಕಿದಳು. ಬೆಳ್ಳನೆಯ ಐಸ್ ಮೇಲೆ ಇಬ್ಬರು ಬೆನ್ನಿಗೆ ಕೈ ಕಟ್ಟಿ ಬಾಗಿ ಓಡುತ್ತಿದ್ದರು. ನೆಲ್ಲಾ ಒಂದು ಸುತ್ತು ನೋಡಿದಳು.

"ಇವರ್ಯಾಕೆ ಉಲ್ಟಾ ಓಡ್ತಿದಾರೆ?"

"ಉಲ್ಟಾ ಏನಿಲ್ಲಮ್ಮ. ಯಾವಾಗ್ಲೂ ಎಡಕ್ಕೇ ತಿರುಗೋದು."

"ಇಲ್ಲ, ಬಲಕ್ಕೆ. ನಲವತ್ತು ವರ್ಷಾನೂ ಬಲಕ್ಕೇ ತಿರುಗಿದಾರೆ."

ಡೀನಾ ಆ ನಾಲ್ಕು ಗುಳಿಗಳ ಬಳಿಗೆ ಬಂದು ನಿಂತಳು. ನಿಧಾನವಾಗಿ ಕಿಟಕಿಯತ್ತ ನೋಡಿದಳು. ಹೊರಗೆ ಕತ್ತಲಾಗಿತ್ತು. ಗಾಜಿನಲ್ಲಿ ಆ ಇಬ್ಬರು ಪುಟ್ಟದಾಗಿ ಬಲಕ್ಕೆ ತಿರುಗುತ್ತಿದ್ದರು, ಪಕ್ಕದಲ್ಲಿ ಅಪ್ಪನ ಖಾಲಿ ಕುರ್ಚಿಯ ಮೇಲೆ ಟೀವಿಯ ಬೆಳಕು ಬಿದ್ದಿತ್ತು.