ಕೌದಿಯ ಕೊನೆಯ ಮೂಲೆ

ಆಳಂದದ ನಮ್ಮ ಕಾಲೇಜಿನ ಹಾಸ್ಟೆಲಿನಲ್ಲಿ ಮಂಚ, ಗಾದಿ, ಬಿಸಿನೀರು, ಊಟ ಎಲ್ಲವೂ ಫೀಸಿನಲ್ಲೇ ಬರುತ್ತವೆ. ಹೊದಿಕೆ ಮಾತ್ರ ಮನೆಯಿಂದ ತರಬೇಕು. ನಾನು ಕರಜಗಿಯಿಂದ ಬರುವಾಗ ಅಂಗಡಿಯ ರಗ್ಗು ತಂದಿದ್ದೆ. ನನ್ನ ರೂಮಿನ ಪಂಚಶೀಲಾ ಚಳಿ ಶುರುವಾದಾಗ ಕೊಳಕೂರಿಗೆ ಹೋಗಿ ಕೌದಿ ಹೊತ್ತುಕೊಂಡು ಬಂದಳು. ಅವಳ ಆಯಿ, ಅಂದರೆ ಅಜ್ಜಿ, ಮರೆಮ್ಮ ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದಿದ್ದ ಕೌದಿ ಅದು. ಒಂದು ಮೂಲೆ ಬಾಕಿ ಇರುವಾಗಲೇ ಮುದುಕಿ ತೀರಿಕೊಂಡಿದ್ದಳು.

ನಮ್ಮ ಕಡೆ ಆ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ರೊಟ್ಟಿಯ ಚೂರು ಇಡುತ್ತಾರೆ. ಕೌದಿಯ ಹೊಟ್ಟೆ ಬರಿದಾಗಿರಬಾರದು. ಈ ಜಾಣೆ ಗಡಿಬಿಡಿಯಲ್ಲಿ ಬಸ್ಸಿನೊಳಗೇ ಮೂಲೆ ಹೊಲಿದು ಮುಗಿಸಿದ್ದಳು. ರೊಟ್ಟಿಯ ನೆನಪೇ ಆಗಿರಲಿಲ್ಲ.

ಅಲ್ಲಿಂದ ಹುಡುಗಿ ಕಡ್ಡಿಯಂತೆ ಒಣಗತೊಡಗಿದಳು. ಒಂದು ದಿನ ಲ್ಯಾಬಿನಲ್ಲಿ ತಲೆ ತಿರುಗಿ ಬಿದ್ದಳು.

"ಇನ್ನೊಮ್ಮೆ ಬಿದ್ದಿ ಅಂದ್ರ ಮನಿಗಿ ಕಳಸ್ತೇನಿ ನೋಡವ್ವಾ," ಎಂದರು ವಾರ್ಡನ್ ಸರ್ವರಬೇಗಂ.

ಮನೆಗೆ ಹೋದರೆ ಹಾಜರಿ ಕಡಿಮೆಯಾಗಿ ಪರೀಕ್ಷೆ ತಪ್ಪುತ್ತಿತ್ತು. ಅದಕ್ಕಿಂತ ದೊಡ್ಡ ಭಯ ಅವಳ ಅಣ್ಣ ದತ್ತಪ್ಪನದು. ಅವನು ಗಂಡು ನೋಡಿಟ್ಟು ಕಾಯುತ್ತಿದ್ದ. ಆಯಿ ಇರುವತನಕ ಮದುವೆಯ ಮಾತೆತ್ತಲು ಅವನಿಗೆ ಧೈರ್ಯವಿರಲಿಲ್ಲ. ಈಗ ಹೋದರೆ ಇವಳು ತಿರುಗಿ ಬರುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಮೆಸ್ಸಿನಿಂದ ಅವಳು ರೊಟ್ಟಿ ಕಟ್ಟಿಕೊಂಡು ರೂಮಿಗೆ ಒಯ್ಯುವುದನ್ನು ದಿನಾ ನೋಡುತ್ತಿದ್ದೆ. ಕದ್ದು ತಿನ್ನುವವಳು ಹೀಗೇಕೆ ಸೊರಗುತ್ತಾಳೆ ಎಂದು ತಲೆ ಕೆಡುತ್ತಿತ್ತು. ರವಿವಾರ ಮಧ್ಯಾಹ್ನ ಹಿಂದೆಯೇ ಹೋದೆ. ಕೌದಿಯ ಮೂಲೆ ಬಿಚ್ಚಿ ಅವಳು ರೊಟ್ಟಿಯನ್ನು ಒಳಗೆ ತುರುಕುತ್ತಿದ್ದಳು.

"ಯಾರಿಗಿ ಬೇ ಇದು?"

"ಆಯಿಗಿ, ಫರಹೀನ. ರಾತ್ರಿ ಕೌದಿಯೊಳಗಿಂದ ಹಸಿವಾಗ್ಯಾದ ಅಂತಾಳ. ದಿನಾ ಇಡಾಕತ್ತೇನಿ, ಒಲ್ಲೆ ಅಂತಾಳ. ಮುಂಜಾನಿ ನೋಡಿದ್ರ ರೊಟ್ಟಿ ನನ್ನ ದಿಂಬಿನ ಮಗ್ಗಲಕ ಇರ್ತದ."

ಹುಚ್ಚು ಬಿಡಿಸೋಣವೆಂದು ರೊಟ್ಟಿ ಕಸಿದುಕೊಂಡು ನಾನೇ ಮೂಲೆಯೊಳಗೆ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ. ರೊಟ್ಟಿ ಬಿಟ್ಟೆ. ಅದು ಮೆಲ್ಲಗೆ ತಿರುಗಿ ಬಂದು ನನ್ನ ಅಂಗೈ ಮುಟ್ಟಿತು. ಇನ್ನಷ್ಟು ಒಳಕ್ಕೆ ದೂಡಿದೆ. ಮತ್ತೆ ಬಂತು. ಒಳಗಿನಿಂದ ತಳ್ಳುತ್ತಿದ್ದ ಬೆರಳುಗಳಲ್ಲಿ ಕೋಪವಿರಲಿಲ್ಲ. ಮನೆಯಲ್ಲಿ ಹಿರಿಯರು "ನೀ ತಿನ್ನು" ಎಂದು ತಾಟು ಸರಿಸುತ್ತಾರಲ್ಲ, ಹಾಗೆ. ಓಡಿಹೋಗಬೇಕೆನಿಸಿತು, ಆದರೆ ಇವಳನ್ನು ಒಬ್ಬಳೇ ಬಿಟ್ಟು ಹೇಗೆ ಓಡುವುದು.

"ನಿಮ್ಮ ಆಯಿ ಮನ್ಯಾಗ ಹೆಂಗ ಉಣ್ತಿದ್ಲು?" ಎಂದು ಕೇಳಿದೆ.

"ನಾ ಉಣ್ಣೋತನಕ ತುತ್ತ ಮುಟ್ತಿರಲಿಲ್ಲ. ನಾ ಸಾಲಿಯಿಂದ ಬಂದು, ಉಂಡು..."

"ಮತ್ತ ನೀ ಉಂಡು ಎಷ್ಟ ದಿನ ಆತು?"

ಅವಳು ಬೆರಳು ಮಡಚಿ ಎಣಿಸತೊಡಗಿದಳು. ಅವಳ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ತನ್ನ ಪಾಲಿನದೆಲ್ಲ ಸತ್ತವಳಿಗೆ ಕೊಟ್ಟು ಇವಳು ಉಪವಾಸ, ಇವಳು ಉಣ್ಣಲಿಲ್ಲವೆಂದು ಅವಳೂ ಉಪವಾಸ.

ರೊಟ್ಟಿ ಎರಡು ಭಾಗ ಮಾಡಿದೆ. ಒಂದನ್ನು ಮೂಲೆಯೊಳಗಿಟ್ಟೆ, ಇನ್ನೊಂದನ್ನು ಅವಳ ಕೈಗೆ ಹಿಡಿಸಿದೆ. "ಉಣ್ಣಬೇ. ಮುದುಕಿಗಿ ಎಷ್ಟಂತ ಕಾಯಸ್ತಿ?"

ಪಂಚಶೀಲಾ ತುತ್ತು ಮುರಿದು ಬಾಯಿಗಿಟ್ಟಳು. ಅಳುತ್ತಲೇ ಅಗಿದು ನುಂಗಿದಳು.

ಹೊರಗೆ ಹುಡುಗಿಯರು ಬಟ್ಟೆ ಒಗೆಯುವ ಸದ್ದಿತ್ತು. ಅದರ ನಡುವೆ, ಕೌದಿಯೊಳಗಿಂದ, ಹಲ್ಲಿಲ್ಲದ ಬಾಯೊಂದು ನಿಧಾನವಾಗಿ ರೊಟ್ಟಿ ಮೆಲ್ಲುವುದು ಕೇಳಿಸಿತು. ಪಂಚಶೀಲಾ ಕೌದಿಯನ್ನು ಮಡಿಲಿಗೆಳೆದುಕೊಂಡು ಇನ್ನೊಂದು ತುತ್ತು ಮುರಿದಳು.